ಸರ್ಜರಿ ಆಗಿ ಏಳು ತಿಂಗಳು, ತೂಕ ನಿಂತುಬಿಟ್ಟಿದೆ. ಊಟ ಇನ್ನೂ ಕಡಿಮೆ ಮಾಡಲೇ?

ಪ್ರಶ್ನೆ: ನನಗೆ 38 ವರ್ಷ, ಎತ್ತರ 160 ಸೆಂ.ಮೀ. ಏಳು ತಿಂಗಳ ಹಿಂದೆ ತೂಕ ಇಳಿಸಲು ಜಠರವನ್ನು ಚಿಕ್ಕದು ಮಾಡುವ ಸ್ಲೀವ್ ಸರ್ಜರಿ ಆಯಿತು. ಆಗ 118 ಕೆ.ಜಿ. ಇದ್ದೆ, ಈಗ 91. ಮೊದಮೊದಲು ಪ್ರತಿ ವಾರವೂ ಇಳಿಯುತ್ತಿತ್ತು. ಕಳೆದ ಐದು ವಾರದಿಂದ ಮೆಷಿನ್‌ನಲ್ಲಿ ಅಂಕಿ ಅಲ್ಲಾಡುತ್ತಿಲ್ಲ. ನನ್ನ ಲೆಕ್ಕದ ಪ್ರಕಾರ ದಿನಕ್ಕೆ 800 ಕ್ಯಾಲೊರಿಗಿಂತ ಜಾಸ್ತಿ ತಿನ್ನುತ್ತಿಲ್ಲ. ದಿನಾ ಒಂದು ಗಂಟೆ ನಡೆಯುತ್ತೇನೆ. ಸರ್ಜನ್ ಕೇಳಿದರೆ ‘ಕಾಯಿರಿ’ ಎನ್ನುತ್ತಾರೆ. ಹೊಟ್ಟೆ ಮತ್ತೆ ಹಿಗ್ಗಿದೆಯಾ? ಐದು ದಿನ ಬರೀ ದ್ರವ ಆಹಾರ ತೆಗೆದುಕೊಂಡರೆ ಮೊದಲಿನಷ್ಟೇ ಚಿಕ್ಕದಾಗುತ್ತದೆ ಎಂದು ಯಾರೋ ಹೇಳಿದರು, ನಿಜವಾ? ಊಟವನ್ನು 500 ಕ್ಯಾಲೊರಿಗೆ ಇಳಿಸಲೇ? ನನಗೆ 60 ಕೆ.ಜಿ.ಗೆ ಬರಬೇಕು. ಜಠರವನ್ನು ಚಿಕ್ಕ ಚೀಲ ಮಾಡಿ ನೇರ ಕರುಳಿಗೆ ಜೋಡಿಸುವ ಬೈಪಾಸ್ ಸರ್ಜರಿ ಮಾಡಿಸಿಕೊಳ್ಳುವುದೊಂದೇ ದಾರಿಯಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಊಟ ಕಡಿಮೆ ಮಾಡಬೇಡಿ. ನಿಮ್ಮ ಸರ್ಜನ್ ‘ಕಾಯಿರಿ’ ಎಂದದ್ದು ತಪ್ಪಲ್ಲ. ಆದರೆ ಅಷ್ಟೇ ಹೇಳಿ ಕಳಿಸಿದರೆ ಸಾಲದು. ಕಾಯುವಾಗ ಏನನ್ನು ಗಮನಿಸಬೇಕು ಎಂಬುದೂ ಗೊತ್ತಿರಬೇಕು ಅಲ್ವಾ?

ನಿಮ್ಮದೇ ಲೆಕ್ಕದಿಂದ ಶುರು ಮಾಡೋಣ. 118ರಿಂದ 91 ಎಂದರೆ 27 ಕೆ.ಜಿ. ಸರ್ಜರಿಗೆ ಮುಂಚಿನ ತೂಕದಲ್ಲಿ ಸುಮಾರು 23% ಹೋಗಿದೆ. ಸ್ಲೀವ್ ಮಾಡಿಸಿಕೊಂಡವರು ಒಂದರಿಂದ ಎರಡು ವರ್ಷದ ಒಳಗೆ ಸರಾಸರಿ 25%ರ ಆಸುಪಾಸಿನಲ್ಲಿ ಇಳಿಯುತ್ತಾರೆ. ಬೈಪಾಸ್‌ನಲ್ಲಿ ಅದು 30%ರ ಹತ್ತಿರ. ನೀವು ಏಳೇ ತಿಂಗಳಲ್ಲಿ ಆ ಸರಾಸರಿಗೆ ಹತ್ತಿರ ಬಂದಿದ್ದೀರಿ. ಹಾಗಾಗಿ ‘ನನ್ನ ಸರ್ಜರಿ ಫೇಲ್ ಆಯಿತಾ’ ಎಂಬ ಭಯ ನಿಮಗಿದ್ದರೆ ಅದನ್ನು ಬಿಟ್ಟುಬಿಡಿ.

ತೂಕ ಯಾವಾಗ ನಿಂತಿತು ಎನ್ನುವುದು ಮುಖ್ಯ. ಮೂರನೇ ವಾರಕ್ಕೆ ನಿಲ್ಲುವುದು ಬೇರೆ. ನಿಮ್ಮ ಹಾಗೆ ಆರೇಳು ತಿಂಗಳಿಗೆ ನಿಲ್ಲುವುದು ಬೇರೆ. ಎರಡು ವರ್ಷ ಕಳೆದ ಮೇಲೆ ನಿಂತು, ಮೆಲ್ಲಗೆ ಮೇಲೇರುವುದು ಇನ್ನೂ ಬೇರೆ. ಜನ ಮೂರಕ್ಕೂ ಒಂದೇ ಮದ್ದು ಹುಡುಕುತ್ತಾರೆ, ಊಟಕ್ಕೆ ಕತ್ತರಿ ಹಾಕುವುದು.

ಮೂರನೇ ವಾರದ್ದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನೀವು ಅದನ್ನು ದಾಟಿದ್ದೀರಿ. ಲಿವರ್ ಮತ್ತು ಸ್ನಾಯುಗಳಲ್ಲಿ ದೇಹ ಸಕ್ಕರೆಯನ್ನು ಗ್ಲೈಕೋಜನ್ ಆಗಿ ಕೂಡಿಟ್ಟಿರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಸರ್ಜರಿ ಆದ ಕೂಡಲೇ ಆ ದಾಸ್ತಾನು ಖರ್ಚಾಗುತ್ತದೆ, ನೀರೂ ಹೋಗುತ್ತದೆ, ತೂಕ ಸರಸರ ಇಳಿಯುತ್ತದೆ. ಆಮೇಲೆ ಊಟ ಸ್ವಲ್ಪ ಸ್ವಲ್ಪ ಶುರುವಾದಾಗ ನೀರು ವಾಪಸ್ ಬರುತ್ತದೆ. ಕೊಬ್ಬು ಕರಗುತ್ತಲೇ ಇರುತ್ತದೆ, ಆದರೆ ಮೆಷಿನ್ ಮೇಲೆ ಕಾಣುವುದಿಲ್ಲ. ಒಂದೆರಡು ವಾರದಲ್ಲಿ ತಾನಾಗಿಯೇ ಸರಿಹೋಗುತ್ತದೆ.

ಇನ್ನು ನಿಮ್ಮ ವಿಷಯ. ಇಲ್ಲಿ ಎರಡು ಕಡೆಯಿಂದ ಬದಲಾವಣೆ ಆಗಿರುತ್ತದೆ.

ಒಂದು, ಖರ್ಚು ಇಳಿದಿದೆ. ದೊಡ್ಡ ಮನೆಗೆ ದೊಡ್ಡ ಖರ್ಚು, ಚಿಕ್ಕ ಮನೆಗೆ ಚಿಕ್ಕ ಖರ್ಚು. 118 ಕೆ.ಜಿ. ದೇಹವನ್ನು ಎತ್ತಿಕೊಂಡು ಒಂದು ಗಂಟೆ ನಡೆಯಲು ಬೇಕಾಗುತ್ತಿದ್ದ ಶಕ್ತಿ 91 ಕೆ.ಜಿ.ಗೆ ಬೇಕಿಲ್ಲ. ಸುಮ್ನೆ ಕೂತಾಗಲೂ ಅಷ್ಟೇ. ಒಂದು ಕಿಲೋ ಇಳಿದರೆ ದಿನದ ಖರ್ಚು ಸುಮಾರು 20ರಿಂದ 30 ಕ್ಯಾಲೊರಿ ಇಳಿಯುತ್ತದೆ. 27 ಕಿಲೋಗೆ ಲೆಕ್ಕ ಹಾಕಿದರೆ ದಿನಕ್ಕೆ 500ರಿಂದ 800 ಕ್ಯಾಲೊರಿ ಕಡಿಮೆ. ಮೊದಲ ತಿಂಗಳಲ್ಲಿ ತೂಕ ಇಳಿಸುತ್ತಿದ್ದ ಅದೇ ಊಟ, ಅದೇ ನಡಿಗೆ ಈಗ ಅಷ್ಟು ಇಳಿಸುವುದಿಲ್ಲ.

ಎರಡು, ನಿಮಗೆ ಈಗ ಮೊದಲಿಗಿಂತ ಜಾಸ್ತಿ ತಿನ್ನಲು ಆಗುತ್ತಿದೆ. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ತೆಗೆದು, ಉದ್ದನೆಯ ಕೊಳವೆಯಂತೆ ಉಳಿಸುತ್ತಾರೆ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೂ ಹೋಗುತ್ತದೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ಹಸಿವೇ ಇರುವುದಿಲ್ಲ. ಎರಡು ಚಮಚಕ್ಕೆ ಹೊಟ್ಟೆ ಬಿರಿದಂತೆ ಅನಿಸುವುದಕ್ಕೆ ಹೊಲಿಗೆಯ ಜಾಗದ ಊತವೂ ಕಾರಣ. ಊತ ಇಳಿದ ಮೇಲೆ ಊಟ ಆರಾಮಾಗಿ ಒಳಗೆ ಹೋಗುತ್ತದೆ. ಇದನ್ನೇ ಜನ ‘ಹೊಟ್ಟೆ ಹಿಗ್ಗಿತು’ ಎಂದುಕೊಂಡು ಗಾಬರಿಯಾಗುತ್ತಾರೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಷ್ಟೇ: ಬಹುಮಟ್ಟಿಗೆ ಇಲ್ಲ. ಗಾಯ ಮಾಗಿದೆ. ವರ್ಷಗಳು ಕಳೆದಂತೆ ಜಠರ ಸ್ವಲ್ಪ ಸಡಿಲವಾಗುವುದುಂಟು, ಆದರೆ ಏಳನೇ ತಿಂಗಳಲ್ಲಿ ತೂಕ ನಿಲ್ಲಲು ಅದು ಸಾಮಾನ್ಯ ಕಾರಣವಲ್ಲ.

ಈಗ ಸ್ವಲ್ಪ ಕಹಿ ಮಾತು. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ವಯಸ್ಸು, ಎತ್ತರ, ತೂಕ ಇಟ್ಟುಕೊಂಡು ಲೆಕ್ಕ ಹಾಕಿದರೆ, ಇಡೀ ದಿನ ಮಲಗಿದ್ದರೂ ನಿಮ್ಮ ದೇಹಕ್ಕೆ 1,500 ಕ್ಯಾಲೊರಿಯ ಹತ್ತಿರ ಬೇಕು. ತೂಕ ಇಳಿದವರಲ್ಲಿ ಇದು ಇನ್ನೂ ಒಂದಷ್ಟು ಕಡಿಮೆ ಇರಬಹುದು, ಇರಲಿ. ಅದರ ಮೇಲೆ ಒಂದು ಗಂಟೆಯ ನಡಿಗೆ, ಮನೆಕೆಲಸ ಬೇರೆ. ನಿಜವಾಗಿ 800 ಮಾತ್ರ ಒಳಗೆ ಹೋಗುತ್ತಿದ್ದರೆ ಐದು ವಾರದಲ್ಲಿ ಮೂರು ಕಿಲೋ ಆದರೂ ಕೊಬ್ಬು ಕರಗಿರಬೇಕಿತ್ತು. ನೀರು ಒಂದೆರಡು ಕಿಲೋ ಮರೆಮಾಚಬಲ್ಲದು, ಅಷ್ಟೂ ದಿನ ಅಷ್ಟೂ ತೂಕವನ್ನು ಮುಚ್ಚಿಡುವುದು ಕಷ್ಟ. ಹಾಗಾದರೆ ಆ 800 ಬಹುಶಃ 800 ಅಲ್ಲ.

ನೀವು ಸುಳ್ಳು ಹೇಳುತ್ತಿದ್ದೀರಿ ಎಂದು ಖಂಡಿತ ಅರ್ಥವಲ್ಲ. ತಿಂದದ್ದನ್ನು ಕಡಿಮೆ ಅಂದಾಜು ಮಾಡುವುದು ಎಲ್ಲರ ಸ್ವಭಾವ. ಆಹಾರದ ವಿಷಯವನ್ನೇ ಓದಿದವರೂ ಹೀಗೆ ಎಡವುತ್ತಾರೆ. ತಟ್ಟೆಯಲ್ಲಿ ಬಡಿಸಿಕೊಂಡದ್ದು ನೆನಪಿರುತ್ತದೆ. ತಟ್ಟೆಯ ಹೊರಗಿನದ್ದು ನೆನಪಿರುವುದಿಲ್ಲ. ಅಡುಗೆ ಮಾಡುವಾಗ ನೋಡಿದ ರುಚಿ, ಮಗು ಬಿಟ್ಟ ಎರಡು ತುತ್ತು, ಹಾಲು ಸಕ್ಕರೆ ಹಾಕಿದ ಕಾಫಿ, ಸಂಜೆ ಒಂದೊಂದಾಗಿ ಖಾಲಿಯಾದ ಬಿಸ್ಕತ್ತು, ಒಗ್ಗರಣೆಗೆ ಬಿದ್ದ ಎಣ್ಣೆ. ಒಂದು ಚಮಚ ಎಣ್ಣೆಯಲ್ಲಿ ಸುಮಾರು 45 ಕ್ಯಾಲೊರಿ ಇರುತ್ತದೆ, ದೊಡ್ಡ ಚಮಚವಾದರೆ 120.

ಸ್ಲೀವ್ ಆದವರಿಗೆ ಇದು ಇನ್ನಷ್ಟು ಮುಖ್ಯ. ಆ ಸರ್ಜರಿ ತಡೆಯುವುದು ಗಟ್ಟಿ ಆಹಾರವನ್ನು. ಮೊಟ್ಟೆ, ಮೀನು, ಬೇಯಿಸಿದ ಕಾಳು, ತರಕಾರಿ ಇವೆಲ್ಲ ಕೊಳವೆಯಲ್ಲಿ ಕೂತು ಹೊಟ್ಟೆ ತುಂಬಿಸುತ್ತವೆ. ಬಾಯಲ್ಲೇ ಕರಗುವ ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಂ, ಚಾಕೊಲೇಟ್, ಜ್ಯೂಸ್ ಮಾತ್ರ ಸಲೀಸಾಗಿ ಜಾರಿ ಹೋಗುತ್ತವೆ. ಎಷ್ಟು ಹೋದರೂ ತುಂಬಿದಂತೆ ಅನಿಸುವುದಿಲ್ಲ. ಊಟದ ಜೊತೆಗೇ ನೀರು ಕುಡಿದರೂ ಇದೇ ಕಥೆ, ಗಟ್ಟಿ ಊಟವೂ ತೆಳ್ಳಗಾಗಿ ಬೇಗ ಕೆಳಗಿಳಿಯುತ್ತದೆ. ಅದಕ್ಕೇ ಊಟವಾಗಿ ಅರ್ಧ ಗಂಟೆ ಬಿಟ್ಟು ನೀರು ಕುಡಿಯಿರಿ ಎನ್ನುವುದು. ದಿನಕ್ಕೆ ಒಂದೂವರೆ ಲೀಟರ್ ಆದರೂ ಬೇಕು, ಊಟಗಳ ನಡುವೆ ಗುಟುಕು ಗುಟುಕಾಗಿ.

500ಕ್ಕೆ ಇಳಿಸಬೇಡಿ ಎಂದು ಯಾಕೆ ಹೇಳಿದೆ ಎಂದು ಈಗ ಅರ್ಥವಾಗಿರಬೇಕು. ಇಳಿಸಲು ಹೊರಟವರು ಏನನ್ನು ಬಿಡುತ್ತಾರೆ? ಲೆಕ್ಕದಲ್ಲಿ ಇರುವುದನ್ನು. ಅಂದರೆ ತಟ್ಟೆಯಲ್ಲಿದ್ದ ಮೊಟ್ಟೆ, ಮೀನು, ಕಾಳನ್ನು. ಲೆಕ್ಕಕ್ಕೇ ಬರದ ಬಿಸ್ಕತ್ತು ಹಾಗೇ ಉಳಿಯುತ್ತದೆ. ಜೊತೆಗೆ ಹಸಿವು ಜಾಸ್ತಿಯಾಗಿ ಇನ್ನೆರಡು ಸೇರುತ್ತವೆ. ಪ್ರೋಟೀನ್ ಕಡಿಮೆಯಾಗಿ ಸ್ನಾಯು ಕರಗುತ್ತದೆ, ಸ್ನಾಯು ಕರಗಿದರೆ ದೇಹದ ಖರ್ಚು ಇನ್ನೂ ಇಳಿಯುತ್ತದೆ. ಸುಸ್ತಾಗಿ ಓಡಾಟವೂ ತನ್ನಷ್ಟಕ್ಕೇ ಕಮ್ಮಿಯಾಗುತ್ತದೆ. ಕೂದಲು ಇನ್ನಷ್ಟು ಉದುರುತ್ತದೆ. ತೀರಾ ವೇಗವಾಗಿ ತೂಕ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಅಪಾಯವೂ ಇದೆ.

ಹಾಗಾದರೆ ಏನು ಮಾಡಬೇಕು? ಒಂದು ವಾರ ಊಟವನ್ನು ಬದಲಿಸಬೇಡಿ, ಬರೆಯಿರಿ ಅಷ್ಟೇ. ಬಾಯಿಗೆ ಹಾಕಿದ್ದೆಲ್ಲವನ್ನೂ, ಹಾಕಿದ ಕೂಡಲೇ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಪ್ರಯೋಜನವಿಲ್ಲ. ಅಡುಗೆಮನೆಯ ಚಿಕ್ಕ ತೂಕದ ಯಂತ್ರ ಇದ್ದರೆ ಆ ಒಂದು ವಾರ ತೂಗಿ ಬರೆಯಿರಿ. ಗಂಟೆಯನ್ನೂ ಬರೆಯಿರಿ. ನನ್ನ ಅನುಭವದಲ್ಲಿ ಕ್ಯಾಲೊರಿ ಅಂಕಣಕ್ಕಿಂತ ಈ ಗಂಟೆಯ ಅಂಕಣ ಜಾಸ್ತಿ ಹೇಳುತ್ತದೆ. ಮೂರು ಊಟ, ಒಂದು ತಿಂಡಿ ಎಂದು ಹೇಳುವವರ ಹಾಳೆಯಲ್ಲಿ ಹತ್ತು ಹನ್ನೊಂದು ಗೀಟು ಇರುತ್ತವೆ. ಕೊಂಚ ಕೊಂಚ ಇಡೀ ದಿನ ಮೆಲ್ಲುವುದು ಸರ್ಜರಿ ಆದವರಲ್ಲಿ ಬಹಳ ಸಾಮಾನ್ಯ, ಯಾಕೆಂದರೆ ಒಂದೇ ಸಲ ಜಾಸ್ತಿ ತಿನ್ನಲು ಆಗುವುದಿಲ್ಲ. ಬರೆದದ್ದನ್ನು ನಿಮ್ಮ ಡಯಟಿಷಿಯನ್‌ಗೆ ತೋರಿಸಿ. ಬೈಸಿಕೊಳ್ಳುವ ಭಯದಲ್ಲಿ ತಿದ್ದಬೇಡಿ. ತಿದ್ದಿದ ಹಾಳೆ ಯಾರಿಗೂ ಉಪಯೋಗವಿಲ್ಲ.

ಪ್ರೋಟೀನ್ ಎಷ್ಟು ಎಂದು ಅದರಲ್ಲೇ ನೋಡಿ. ಸರ್ಜರಿ ಆದವರಿಗೆ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು, ಬಹಳ ಮಂದಿಗೆ 60ರಿಂದ 80 ಗ್ರಾಂ ಹೇಳುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಮಾತ್ರ ಇರುತ್ತದೆ, ಹಾಗಾಗಿ 60 ಎಂದರೆ ತಾನಾಗಿ ಬರುವ ಅಂಕಿ ಅಲ್ಲ. ಪ್ರತಿ ಊಟದಲ್ಲೂ ಮೊದಲ ತುತ್ತು ಅದರದ್ದೇ ಆಗಲಿ, ಆಮೇಲೆ ತರಕಾರಿ. ಅನ್ನ, ಬ್ರೆಡ್ ಜಾಗ ಉಳಿದರೆ ಮಾತ್ರ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಜಾಸ್ತಿ ಮಾಡಬಾರದು.

ನಡಿಗೆ ಒಳ್ಳೆಯದು, ಬಿಡಬೇಡಿ. ಆದರೆ ಅದೊಂದೇ ಸಾಲದ ಹಂತಕ್ಕೆ ನೀವು ಬಂದಿದ್ದೀರಿ. ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಭಾರ ಬೀಳುವ ವ್ಯಾಯಾಮ ಸೇರಿಸಿ. ಜಿಮ್‌ಗೇ ಹೋಗಬೇಕು ಎಂದೇನಿಲ್ಲ. ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈ ಕೊಟ್ಟು ದಂಡ ತೆಗೆಯುವುದು, ರಬ್ಬರ್ ಬ್ಯಾಂಡ್ ಎಳೆಯುವುದು, ಮೆಟ್ಟಿಲು ಹತ್ತುವುದು ಇವೆಲ್ಲ ನಡೆಯುತ್ತವೆ. ಒಂದು ಎಚ್ಚರಿಕೆ: ಶುರು ಮಾಡಿದ ಮೊದಲ ವಾರಗಳಲ್ಲಿ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುತ್ತವೆ. ತೂಕ ಒಂದು ಕಿಲೋ ಏರಿದಂತೆ ಕಾಣಬಹುದು. ಆಗ ‘ಇದೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರೇ ಜಾಸ್ತಿ.

ಮೆಷಿನ್ ಬಗ್ಗೆಯೂ ಹೇಳಬೇಕು. ದಿನಕ್ಕೆ ಎಷ್ಟು ಸಲ ಹತ್ತುತ್ತೀರಿ? ಒಂದೇ ದಿನದಲ್ಲಿ ಒಂದೆರಡು ಕಿಲೋ ಏರಿಳಿತ ಮಾಮೂಲು. ಹಿಂದಿನ ದಿನದ ಉಪ್ಪು, ಮಲಬದ್ಧತೆ, ಮುಟ್ಟಿನ ಮುಂಚಿನ ದಿನಗಳು, ಎಲ್ಲವೂ ಅಂಕಿಯನ್ನು ಮೇಲಕ್ಕೆ ತಳ್ಳುತ್ತವೆ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ ನೋಡಿದರೆ ಸಾಕು. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಟೇಪಿನಲ್ಲಿ ಅಳೆಯಿರಿ. ತೂಕ ನಿಂತಿದ್ದರೂ ಸೊಂಟ ಇಳಿಯುತ್ತಿದ್ದರೆ ನಾನು ಅದನ್ನು ನಿಂತದ್ದು ಎಂದು ಕರೆಯುವುದೇ ಇಲ್ಲ.

ಆ ಐದು ದಿನದ ದ್ರವ ಆಹಾರದ ವಿಷಯಕ್ಕೆ ಬರುತ್ತೇನೆ. ಅದರಿಂದ ಜಠರ ಚಿಕ್ಕದಾಗುವುದಿಲ್ಲ. ಐದು ದಿನದಲ್ಲಿ ಎರಡು ಕಿಲೋ ಇಳಿಯಬಹುದು, ಅದೂ ಮತ್ತೆ ಅದೇ ಗ್ಲೈಕೋಜನ್ ಮತ್ತು ನೀರು. ಆರನೇ ದಿನ ಊಟ ಮಾಡಿದರೆ ವಾಪಸ್. ಇದನ್ನು ತಿಂಗಳು ತಿಂಗಳು ಮಾಡುವವರಿದ್ದಾರೆ. ಪ್ರತಿ ಸಲವೂ ಇಳಿದಾಗ ಖುಷಿ, ಏರಿದಾಗ ಅಪರಾಧಿ ಭಾವನೆ. ದೇಹಕ್ಕಿಂತ ಮನಸ್ಸಿಗೆ ಅದು ಜಾಸ್ತಿ ಪೆಟ್ಟು ಕೊಡುತ್ತದೆ.

ಊಟ, ಓಡಾಟ ಎರಡೂ ಸರಿಯಿದ್ದೂ ತೂಕ ನಿಂತಿದ್ದರೆ ಬೇರೆ ಕಡೆ ನೋಡಬೇಕು. ಮಾತ್ರೆಗಳ ಪಟ್ಟಿಯನ್ನು ಡಾಕ್ಟರ್ ಮುಂದೆ ಇಡಿ. ಇನ್ಸುಲಿನ್, ಸಲ್ಫೊನಿಲ್‌ಯೂರಿಯಾ ಗುಂಪಿನ ಶುಗರ್ ಮಾತ್ರೆಗಳು, ಸ್ಟೆರಾಯ್ಡ್, ಕೆಲವು ಖಿನ್ನತೆಯ ಮತ್ತು ಮಾನಸಿಕ ಕಾಯಿಲೆಯ ಮಾತ್ರೆಗಳು, ನರನೋವಿಗೆ ಕೊಡುವ ಪ್ರೆಗಾಬಾಲಿನ್, ಇವೆಲ್ಲ ತೂಕ ಹಿಡಿದಿಡುತ್ತವೆ ಅಥವಾ ಏರಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಬದಲಿ ಇದೆಯಾ ಎಂದು ಕೇಳಿ. ಥೈರಾಯ್ಡ್ ಒಮ್ಮೆ ನೋಡಿಸಿ. ಥೈರಾಯ್ಡ್ ಮಾತ್ರೆ ಮೊದಲೇ ತೆಗೆದುಕೊಳ್ಳುತ್ತಿದ್ದರೆ ಡೋಸ್ ಸರಿಯಿದೆಯಾ ನೋಡಬೇಕು. ನಿದ್ರೆ ಕಡಿಮೆಯಿದ್ದರೆ ಹಸಿವು ಏರುತ್ತದೆ. ಇನ್ನೊಂದು ವಿಷಯವನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ತೂಕ ಇಳಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಜಾಸ್ತಿಯಾಗುತ್ತದೆ. ವರ್ಷಗಟ್ಟಲೆ ಮುಟ್ಟು ಏರುಪೇರಾಗಿದ್ದವರಿಗೂ ಅಷ್ಟೇ. ಸರ್ಜರಿ ಆಗಿ 12ರಿಂದ 18 ತಿಂಗಳು ಗರ್ಭಧಾರಣೆ ಬೇಡ ಎನ್ನುತ್ತೇವೆ. ಮುಟ್ಟು ತಪ್ಪಿದ್ದರೆ ಮೊದಲು ಅದನ್ನು ಪರೀಕ್ಷೆ ಮಾಡಿ.

ವಿಟಮಿನ್ ಮಾತ್ರೆಗಳಿಂದ ತೂಕ ಇಳಿಯುವುದಿಲ್ಲ, ಆದರೂ ಕೇಳುತ್ತೇನೆ: ತೆಗೆದುಕೊಳ್ಳುತ್ತಿದ್ದೀರಾ? ತೂಕ ನಿಂತ ಬೇಸರದಲ್ಲಿ ಮಾತ್ರೆಯನ್ನೂ ಬಿಡುವವರು ಬಹಳ. ಬಿ12, ಕಬ್ಬಿಣ, ಡಿ, ಕ್ಯಾಲ್ಸಿಯಂ ಇವು ಜೀವನಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ನಡುವೆ ಎರಡು ಗಂಟೆ ಅಂತರ ಇರಲಿ. ದಿನಗಟ್ಟಲೆ ವಾಂತಿ, ಕಾಲು ಜೋಮು ಹಿಡಿಯುವುದು, ಒಂದು ವಸ್ತು ಎರಡಾಗಿ ಕಾಣುವುದು, ತೂರಾಡುವುದು, ಗೊಂದಲ ಕಾಣಿಸಿದರೆ ಮನೆಯಲ್ಲಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ವಿಟಮಿನ್ ಬಿ1 ಕಡಿಮೆಯಾದರೆ ಹೀಗಾಗುತ್ತದೆ. ತಡವಾದರೆ ನರಗಳಿಗೆ ಶಾಶ್ವತ ಹಾನಿಯಾಗಬಹುದು.

ಇನ್ನು 60 ಕೆ.ಜಿ. ಈ ಅಂಕಿ ನಿಮಗೆ ಯಾರು ಕೊಟ್ಟರೋ ಗೊತ್ತಿಲ್ಲ. 160 ಸೆಂ.ಮೀ. ಎತ್ತರಕ್ಕೆ ಪಟ್ಟಿಯಲ್ಲಿ ‘ನಾರ್ಮಲ್’ ಎಂದು ಇರುವುದು ಹೆಚ್ಚುಕಮ್ಮಿ ಅದೇ. ಆದರೆ 118ರಿಂದ 60ಕ್ಕೆ ಬರುವುದು ಎಂದರೆ ದೇಹದ ಅರ್ಧ ತೂಕ ಕಳೆದುಕೊಳ್ಳುವುದು. ಸ್ಲೀವ್‌ನಿಂದ ಹಾಗೆ ಆಗುವುದು ತೀರಾ ಅಪರೂಪ. 25% ಇಳಿದರೆ ನೀವು 88ರ ಹತ್ತಿರ ಇರುತ್ತೀರಿ, 30% ಇಳಿದರೆ 83. ನಾನು ನಿಮ್ಮ ಡಾಕ್ಟರ್ ಆಗಿದ್ದರೆ ಈ ಅಂಕಿಗಳನ್ನು ಸರ್ಜರಿಗೆ ಮುಂಚೆಯೇ ಕಾಗದದ ಮೇಲೆ ಬರೆದುಕೊಡುತ್ತಿದ್ದೆ. 83ಕ್ಕೆ ಇಳಿದವರು ಗೆದ್ದವರು, ಆದರೆ 60ರ ಕನಸು ಕಂಡಿದ್ದರೆ ಅವರೇ ಸೋತೆವು ಎಂದುಕೊಳ್ಳುತ್ತಾರೆ. ಬಿ.ಪಿ. ಮಾತ್ರೆ ನಿಂತಿದೆಯಾ, ಶುಗರ್ ಹತೋಟಿಗೆ ಬಂತಾ, ಮಂಡಿ ನೋವು ಇಳಿಯಿತಾ, ರಾತ್ರಿ ಗೊರಕೆ ಕಡಿಮೆಯಾಯಿತಾ ಎಂದು ನೀವು ಒಂದು ಮಾತೂ ಬರೆದಿಲ್ಲ. ನನಗೆ ತೂಕಕ್ಕಿಂತ ಮೊದಲು ಅದನ್ನೇ ಕೇಳಬೇಕು ಅನಿಸಿತು. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದರಲ್ಲಿ, ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ 32% ಇಳಿದಿದ್ದರು. ಹತ್ತು ವರ್ಷದ ಹೊತ್ತಿಗೆ ಅದು 25%ಕ್ಕೆ ಬಂದು ನಿಂತಿತ್ತು. ಅಂದರೆ ಅವರಿಗೂ ಸ್ವಲ್ಪ ವಾಪಸ್ ಬಂತು. ಆದರೂ ಸರ್ಜರಿ ಆದವರಲ್ಲಿ ಸಾವಿನ ಪ್ರಮಾಣ ಸರ್ಜರಿ ಮಾಡಿಸದ ಗುಂಪಿಗಿಂತ ಕಡಿಮೆಯಿತ್ತು.

ನೀವು ಕೇಳಲಿಲ್ಲ, ಆದರೆ ಎರಡನೇ ವರ್ಷದ ನಂತರದ್ದನ್ನೂ ತಿಳಿದಿರಿ. ಆಗ ಎರಡು ಮೂರು ಕಿಲೋ ಏರುವುದು ಸಹಜ. ಸತತವಾಗಿ ಏರುತ್ತಾ ಹೋದರೆ ಮಾತ್ರ ಹುಡುಕಬೇಕು. ಆ ಹಂತದಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಮದ್ಯದ್ದು. ಸರ್ಜರಿ ಆದ ದೇಹಕ್ಕೆ ಅದು ಬೇಗ ಏರುತ್ತದೆ, ಚಟವಾಗುವ ಅಪಾಯವೂ ಜಾಸ್ತಿ. ಇನ್ನೊಂದು, ಊಟವಾಗಿ ಒಂದರಿಂದ ಮೂರು ಗಂಟೆಗೆ ಬೆವರು, ನಡುಕ, ತಲೆಸುತ್ತು ಬರುವುದು. ಬೈಪಾಸ್ ಆದವರಲ್ಲಿ ಜಾಸ್ತಿ, ಸ್ಲೀವ್‌ನಲ್ಲೂ ಉಂಟು. ರಕ್ತದ ಸಕ್ಕರೆ ದಿಢೀರ್ ಬಿದ್ದಿರುತ್ತದೆ. ಸಿಹಿ ತಿಂದರೆ ಸರಿಹೋಗುತ್ತದೆ, ಹಾಗಾಗಿ ದಿನಾ ತಿನ್ನುತ್ತಾರೆ, ತೂಕ ಏರುತ್ತದೆ. ಹೀಗಾಗುತ್ತಿದ್ದರೆ ಡಾಕ್ಟರಿಗೆ ಹೇಳಬೇಕು, ಅದಕ್ಕೆ ಬೇರೆ ಆಹಾರ ಕ್ರಮವೇ ಇದೆ. ಹಸಿವು ತಗ್ಗಿಸಿ ತೂಕ ಇಳಿಸುವ ಲಿರಾಗ್ಲುಟೈಡ್, ಸೆಮಾಗ್ಲುಟೈಡ್‌ನಂತಹ ಇಂಜೆಕ್ಷನ್‌ಗಳನ್ನು ಸರ್ಜರಿ ಆದವರಿಗೂ ಈಗ ಕೊಡುತ್ತಾರೆ. ಔಷಧಿ ಬೇಕಾಯಿತು ಎಂದರೆ ಸೋತಂತೆ ಎಂದು ನಾನು ಒಪ್ಪುವುದಿಲ್ಲ. ಸ್ಥೂಲಕಾಯ ವರ್ಷಾನುಗಟ್ಟಲೆ ಇರುವ ಕಾಯಿಲೆ, ಬಿ.ಪಿ.ಗೆ ಎರಡು ಮಾತ್ರೆ ಕೊಡುವಾಗ ಯಾರೂ ನಾಚಿಕೊಳ್ಳುವುದಿಲ್ಲ.

ಕೊನೆಯ ಪ್ರಶ್ನೆ, ಬೈಪಾಸ್. ಐದು ವಾರ ತೂಕ ನಿಂತಿತು ಎಂದು ಯಾವ ಒಳ್ಳೆಯ ಸರ್ಜನ್ ಕೂಡ ಎರಡನೇ ಸರ್ಜರಿ ಮಾಡುವುದಿಲ್ಲ. ಸ್ಲೀವ್‌ನ ಕೆಲಸ ಇನ್ನೂ ಮುಗಿದಿಲ್ಲ. ತೂಕ ಇಳಿಯುವ ಅವಧಿ 12ರಿಂದ 18 ತಿಂಗಳವರೆಗೂ ಇರುತ್ತದೆ. ಎರಡನೇ ಸರ್ಜರಿಯಲ್ಲಿ ಅಪಾಯ ಮೊದಲನೆಯದಕ್ಕಿಂತ ಜಾಸ್ತಿ, ಇಳಿಯುವ ತೂಕ ಕಡಿಮೆ. ಸ್ಲೀವ್ ಆದ ಮೇಲೆ ಔಷಧಿಗೂ ಬಗ್ಗದ ಎದೆಯುರಿ ಇದ್ದರೆ ಬೈಪಾಸ್‌ಗೆ ಬದಲಿಸುವುದಕ್ಕೆ ಗಟ್ಟಿ ಕಾರಣವಿದೆ. ಬರೀ ತೂಕಕ್ಕಾದರೆ ಒಂದೂವರೆ ವರ್ಷ ಕಳೆಯಲಿ. ಅಷ್ಟರಲ್ಲೂ ಇಳಿದದ್ದು ತೀರಾ ಕಡಿಮೆ ಎನಿಸಿದರೆ, ಅಥವಾ ಏರತೊಡಗಿದರೆ, ಎಂಡೋಸ್ಕೋಪಿ ಅಥವಾ ಬೇರಿಯಂ ಕುಡಿಸಿ ತೆಗೆಯುವ ಎಕ್ಸ್‌ರೇಯಲ್ಲಿ ಜಠರದ ಆಕಾರ ನೋಡುತ್ತಾರೆ. ಔಷಧಿ ಕೊಟ್ಟು ನೋಡುತ್ತಾರೆ. ಸರ್ಜರಿಯ ಮಾತು ಅದಾದ ಮೇಲೆ. ಈ ತಿಂಗಳು ನಿಮ್ಮ ಸರ್ಜನ್ ಹತ್ತಿರ ಹೋಗುವಾಗ ಒಂದು ವಾರದ ಊಟದ ಹಾಳೆ, ಮಾತ್ರೆಗಳ ಪಟ್ಟಿ, ಸೊಂಟದ ಅಳತೆ, ಥೈರಾಯ್ಡ್ ರಿಪೋರ್ಟ್ ಇಷ್ಟನ್ನು ತೆಗೆದುಕೊಂಡು ಹೋಗಿ.